ಬಾಬಿನ್ ಮನೆಯ ಮುಳುಗಿದವನು

“ಸ್ವಂತಕ್ಕೆ ಅಂತ ಒಂದು ಹೆಣವೂ ಗತಿಯಿಲ್ಲದ ಮನೆತನ ಕಣೋ ನಿಮ್ದು,” ಎಂದ ಆಲ್ಬರ್ಟ್ ಮೇರ್, ಸಭೆಯಲ್ಲಿದ್ದ ಎಲ್ಲರಿಗೂ ಕೇಳುವ ಹಾಗೆ. “ನಮ್ಮನೆ ಹೆಣಾನೇ ಕದ್ಕೊಂಡು ಬಂದಿದ್ದೀಯಲ್ಲ.”

ಚರ್ಚಿನ ಹಿಂದಿನ ಹಜಾರದಲ್ಲಿ ಟೀ ಕುಡಿಯುತ್ತಿದ್ದವರೆಲ್ಲ ನಕ್ಕರು. ಒಬ್ಬರಿಗೆ ಬಿಸ್ಕತ್ತು ಗಂಟಲಿಗೆ ಸಿಕ್ಕಿ, ಬೆನ್ನು ತಟ್ಟಬೇಕಾಯಿತು. ನಾನು ಕೈಯಲ್ಲಿ ಕಾಗದ ಹಿಡಿದು ಆಗಷ್ಟೇ ಭಾಷಣ ಮುಗಿಸಿ ನಿಂತಿದ್ದೆ. ಭಾಷಣ ಎಂದರೆ ಭಾಷಣವೇ. ಮೀನಿನ ಶೆಡ್ಡಿನಲ್ಲಿ ಹ್ಯಾಡಕ್ ಮೀನು ಸೀಳುತ್ತಾ ವಾರವಿಡೀ ಅಭ್ಯಾಸ ಮಾಡಿದ್ದು. ‘ಮಹನೀಯರೇ’ ಎಂದು ಬೇರೆ ಶುರುಮಾಡಿದ್ದೆ.

ವಿಷಯ ಇಷ್ಟೇ. ನಮ್ಮೂರ ಬಂದರಿನ ಬಾಯಲ್ಲಿ ಸಮುದ್ರಕ್ಕೆ ಹೋಗಿ ಮರಳದವರ ಹೆಸರು ಕೆತ್ತಿದ ಕಲ್ಲಿದೆ. ವರ್ಷಕ್ಕೊಮ್ಮೆ ಊರೆಲ್ಲ ಸೇರಿ ಆ ಹೆಸರುಗಳನ್ನು ಗಟ್ಟಿಯಾಗಿ ಓದುತ್ತಾರೆ. ನನ್ನ ತಾತ ಎಬೆನ್, ಎಂಬತ್ತು ದಾಟಿದವನು, ಟೋಪಿ ತೆಗೆದು ನಿಂತು ಕೊನೆಯ ಹೆಸರಿನವರೆಗೂ ಕೇಳುತ್ತಾನೆ. ಅವನ ತಾತ ಜೋಸೆಫ್ ಮೇರ್‌ನ ಹೆಸರು ಬರುವುದಿಲ್ಲ. ಜೋಸೆಫ್ ಬೇರೆ ಬಂದರಿನ ದೋಣಿಗೆ ಕೂಲಿಗೆ ಹೋಗಿ ಮುಳುಗಿದನಂತೆ, ಅದಕ್ಕೇ ಕಲ್ಲು ನೆಟ್ಟವರಿಗೆ ನೆನಪಾಗಲಿಲ್ಲವಂತೆ. ಈ ವರ್ಷ ಬಿಟ್ಟುಹೋದ ಹೆಸರುಗಳನ್ನು ಸೇರಿಸುತ್ತೇವೆ, ಸತ್ತದ್ದಕ್ಕೆ ದಾಖಲೆ ತನ್ನಿ ಎಂದು ಸಮಿತಿ ಹೇಳಿತು. ತಾತ ನನ್ನ ಮುಖ ನೋಡಿದ. ಹದಿನೈದಕ್ಕೆ ಶಾಲೆ ಬಿಟ್ಟವನ, ಅದೂ ಮೇಷ್ಟ್ರ ಮೇಲೆ ಕುರ್ಚಿ ಎತ್ತಿ ಬಿಟ್ಟವನ ಮುಖವನ್ನು ದಾಖಲೆಗಾಗಿ ನೋಡುವಷ್ಟು ಬಡವ ನನ್ನ ತಾತ. ಅವನಿಗೆ ಬೇರೆ ಮೊಮ್ಮಕ್ಕಳಿರಲಿಲ್ಲ.

ಸರ್ಕಾರದ ಹಳೆಯ ಮರಣ ಪುಸ್ತಕಗಳನ್ನು ಈಗ ಕಂಪ್ಯೂಟರಿನಲ್ಲೇ ನೋಡಬಹುದು. ಜೋಸೆಫ್ ಮೇರ್ ಎಂದು ಹುಡುಕಿದೆ, ಸಿಕ್ಕಿಬಿಟ್ಟ. ಕಾರಣ: ಸಮುದ್ರದಲ್ಲಿ ಮುಳುಗಿ. ನಾನು ಕುರ್ಚಿಯಿಂದ ಹಾರಿದೆ. ಅಷ್ಟು ಓದಿದ್ದೇ ದೊಡ್ಡದು ಎಂದು ಪಕ್ಕದ ಪದ ಓದಲಿಲ್ಲ.

ನಮ್ಮೂರಲ್ಲಿ ಅರ್ಧ ಜನ ಮೇರ್, ಉಳಿದರ್ಧ ಫ್ಲೆಟ್. ಜೋಸೆಫ್ ಮೇರ್ ಎಂದು ಬೀದಿಯಲ್ಲಿ ಕೂಗಿದರೆ ಆರು ಕಿಟಕಿ ತೆರೆಯುತ್ತವೆ. ಅದಕ್ಕೇ ಪ್ರತಿ ಮನೆಗೂ ಒಂದು ಅಡ್ಡಹೆಸರು. ನಾವು ಬಾಬಿನ್, ಆಲ್ಬರ್ಟನ ಮನೆ ಕಾಸ್ಟಿ. ಅಂಚೆಯವನಿಗೂ ಅದೇ ಬೇಕು, ಪಾದ್ರಿಗೂ ಅದೇ ಬೇಕು, ಮರಣ ಬರೆಯುವ ಗುಮಾಸ್ತರೂ ಹೆಸರಿನ ಪಕ್ಕ ಅದನ್ನೇ ಬರೆದಿಟ್ಟಿದ್ದಾರೆ. ಇದು ನಮ್ಮೂರ ಮಗುವಿಗೂ ಗೊತ್ತು. ನನಗೂ ಗೊತ್ತಿತ್ತು. ಆದರೆ ನಾನು ಸಿಟ್ಟಿನಲ್ಲಿದ್ದಾಗಲೂ ಓದುವುದಿಲ್ಲ, ಖುಷಿಯಲ್ಲಿದ್ದಾಗಲೂ ಓದುವುದಿಲ್ಲ. ಇವೆರಡನ್ನು ಬಿಟ್ಟು ಬೇರೆ ಸ್ಥಿತಿಯಲ್ಲಿ ನಾನು ಇದ್ದದ್ದೇ ಕಡಿಮೆ.

ಸಮಿತಿಯ ಕಾರ್ಯದರ್ಶಿ ರೋಡಾ ಕನ್ನಡಕ ಏರಿಸಿ ಕಾಗದ ಓದಿದಳು. “ಜೋಸೆಫ್ ಮೇರ್, ಕಾಸ್ಟಿ,” ಎಂದಳು, ಅಯ್ಯೋ ಪಾಪ ಎನ್ನುವ ದನಿಯಲ್ಲಿ. ಆಮೇಲೆ ಆಲ್ಬರ್ಟ್ ಆ ಮಾತು ಹೇಳಿದ್ದು. ಅವನೇ ಸಮಿತಿಯ ಅಧ್ಯಕ್ಷ, ಹಿಂದೆ ದೋಣಿ ನಡೆಸುತ್ತಿದ್ದ ಸ್ಕಿಪ್ಪರ್. ಹಿಂದೊಮ್ಮೆ ಅವನ ದೋಣಿಯಲ್ಲೇ ನಾನು ಕೆಲಸಕ್ಕೆ ಹೋಗಿ, ಹಿಡಿದ ಮೀನಿಗಿಂತ ಹೆಚ್ಚು ವಾಂತಿ ಮಾಡಿ ದಡಕ್ಕೆ ಬಂದಿದ್ದೆ.

“ನಾಚಿಕೆ ಆಗಲ್ವೇನ್ರೀ ನಿಮ್ಗೆ, ಸತ್ತವರ ವಿಷಯದಲ್ಲಿ ನಗ್ತೀರಲ್ಲ,” ಎಂದು ಕಿರುಚಿದೆ. ಬಾಗಿಲನ್ನು ಜೋರಾಗಿ ಬಡಿದು ಹೋಗಬೇಕೆಂದಿದ್ದೆ. ಅದು ತಾನಾಗಿ ನಿಧಾನಕ್ಕೆ ಮುಚ್ಚಿಕೊಳ್ಳುವ ಬಾಗಿಲು. ಅದರ ಜೊತೆ ಗುದ್ದಾಡುತ್ತಾ ನಾನು ಅಲ್ಲೇ ನಿಂತಿದ್ದನ್ನು ಊರು ಈಗಲೂ ಅಭಿನಯಿಸಿ ತೋರಿಸುತ್ತದೆ.

ಆಮೇಲೆ ಹಟ ಹಿಡಿದು ಹುಡುಕಿದೆ. ಈ ಸಲ ಎಲ್ಲ ಪದ ಓದಿದೆ, ತುಟಿ ಅಲ್ಲಾಡಿಸಿಕೊಂಡು. ತಾತನ ಅಪ್ಪ ವಾಲ್ಟರ್ ಹುಟ್ಟಿದ್ದು ಸಾವಿರದ ಒಂಬೈನೂರ ಐದರಲ್ಲಿ. ಅವನು ಹೊಟ್ಟೆಯಲ್ಲಿದ್ದಾಗಲೇ ಜೋಸೆಫ್ ಮುಳುಗಿದ ಎಂದು ಮನೆಯ ಮಾತು. ಆ ವರ್ಷ, ಹಿಂದಿನ ವರ್ಷ, ಮುಂದಿನ ವರ್ಷ, ಕರಾವಳಿಯ ಎಲ್ಲ ಬಂದರು, ಉತ್ತರದ ಶೆಟ್‌ಲ್ಯಾಂಡ್ ದ್ವೀಪಗಳ ತನಕ. ಮುಳುಗಿದ ಮೇರ್‌ಗಳು ರಾಶಿ ಬಿದ್ದಿದ್ದರು. ಬಾಬಿನ್ ಒಬ್ಬನೂ ಇಲ್ಲ. ಹೆಣ ಸಿಗದಿದ್ದರೆ ಬರೆಸದೆಯೂ ಇರುತ್ತಿದ್ದರು ಎಂದು ರೋಡಾ ಸಮಾಧಾನ ಹೇಳಿದಳು. ನನಗೆ ಸಮಾಧಾನ ಹಿಡಿಸುವುದಿಲ್ಲ. ಬೆರಳಿಗೆ ಬಂದ ವರ್ಷವೆಲ್ಲ ಒತ್ತುತ್ತಾ ಹೋದೆ.

ಸಿಕ್ಕ. ಸಾವಿರದ ಒಂಬೈನೂರ ನಲವತ್ತೊಂಬತ್ತರಲ್ಲಿ ಸಿಕ್ಕ. ನಮ್ಮದೇ ದೇಶದ ಒಳನಾಡಿನಲ್ಲಿ, ಪರ್ತ್ ಕಡೆಯ ಒಂದು ಹಳ್ಳಿ. ಸಮುದ್ರ ನೋಡಬೇಕಾದರೆ ಅಲ್ಲಿಂದ ಪ್ರಯಾಣ ಹೊರಡಬೇಕು. ಜೋಸೆಫ್ ಮೇರ್, ಬಾಬಿನ್. ಹೆಂಡತಿ ಎಲ್ಸ್‌ಪೆತ್ ಫ್ಲೆಟ್, ಅಂದರೆ ವಾಲ್ಟರನ ತಾಯಿ. ವೃತ್ತಿ: ಕೋಳಿ ಸಾಕಣೆ. ಸಾವಿನ ಕಾರಣ: ವೃದ್ಧಾಪ್ಯ.

ನಾನು ಮೊದಲು ಮಾಡಿದ ಕೆಲಸ ಕಂಪ್ಯೂಟರನ್ನು ಬೈದದ್ದು. ಎರಡನೆಯದು, ಕೊನೆಯ ಕಾಲಂ ಓದಿದ್ದು. ಸಾವಿನ ಸುದ್ದಿ ಬರೆಸಿದವರು ಅಲ್ಲಿ ಸಹಿ ಹಾಕಬೇಕು, ಸತ್ತವರಿಗೆ ತಾವು ಏನಾಗಬೇಕು ಎಂದು ಹೇಳಬೇಕು, ಪ್ರಾಣ ಹೋಗುವಾಗ ಹತ್ತಿರ ಇದ್ದರೋ ಇಲ್ಲವೋ ತಿಳಿಸಬೇಕು. ವಾಲ್ಟರ್ ಮೇರ್, ಮಗ, ಹತ್ತಿರವಿದ್ದವನು.

ತಂದೆಯ ಮುಖವನ್ನೇ ಕಾಣದೆ ಹುಟ್ಟಿದ ವಾಲ್ಟರ್. ಬಾಬಿನ್ ಎಂಬ ಪದದ ತಲೆಬುಡ ಆ ಒಳನಾಡಿನ ಗುಮಾಸ್ತನಿಗೆ ತಿಳಿದಿರಲು ಸಾಧ್ಯವಿಲ್ಲ. ವಾಲ್ಟರನೇ ಪಕ್ಕದಲ್ಲಿ ನಿಂತು ಇದನ್ನೂ ಬರಿಯಪ್ಪ ಎಂದು ಬರೆಸಿದ್ದಾನೆ.

ಆ ಪುಟದ ನಕಲು ತೆಗೆದು, ಕಾಗದ ಮಡಚಿಕೊಂಡು ತಾತನ ಮನೆಗೆ ಹೋದೆ. ದಾರಿಯುದ್ದಕ್ಕೂ ಹೇಗೆ ಮೆಲ್ಲಗೆ ಹೇಳಬೇಕೆಂದು ಯೋಚಿಸಿದ್ದೆ. ತಾತ ಹೊಗೆ ಹಾಕಿದ ಹ್ಯಾಡಕ್ಕನ್ನು ಹಾಲಿನಲ್ಲಿ ಬೇಯಿಸುತ್ತಿದ್ದ.

“ಏನೋ, ಸಿಕ್ಕಿದ್ನಾ?”

“ಮುಳುಗಿಲ್ಲ ತಾತ. ಕೋಳಿ ಸಾಕ್ತಿದ್ದ,” ಎಂದೆ. ನನ್ನ ಮೆಲ್ಲಗೆ ಅಷ್ಟೇ.

ತಾತ ಒಲೆ ಆರಿಸಿದ. ಕಾಗದವನ್ನು ಕಿಟಕಿಯ ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದ. ಮೇಲಿನದನ್ನಲ್ಲ, ಕೊನೆಯ ಸಹಿಯನ್ನು.

“ನಮ್ಮಪ್ಪನ ಕೈಬರಹ ಇದು. ಎಂ ಅಕ್ಷರಾನ ಹೀಗೇ ಮುರೀತಿದ್ದ.” ಕುರ್ಚಿ ಎಳೆದು ಕೂತ. “ಮೊಟ್ಟೆ ತರ್ತಿದ್ದ ಕಣೋ.”

“ಯಾರು?”

“ಅಪ್ಪ. ಬೇಸಿಗೆ ಬೇಸಿಗೆಗೆ ದಕ್ಷಿಣಕ್ಕೆ ಹೋಗೋನು. ಬಲೆ ನೋಡ್ಕೊಂಡು ಬರ್ತೀನಿ ಅನ್ನೋನು. ಬರುವಾಗ ಟೋಪಿ ತುಂಬ ಮೊಟ್ಟೆ. ಯುದ್ಧ ಮುಗಿದಿದ್ರೂ ಮೊಟ್ಟೆಗೆ ರೇಷನ್ ಚೀಟಿ. ನಾನು ಅವನು ಬಲೆ ಕೊಟ್ಟು ಮೊಟ್ಟೆ ತಗೊಳ್ತಾನೆ ಅಂದ್ಕೊಂಡಿದ್ದೆ. ನಂಗೆ ಒಂಬತ್ತಾದಾಗ ನಿಂತೋಯ್ತು.” ಬೆರಳಿನಲ್ಲಿ ವರ್ಷ ಎಣಿಸಿದ. “ಹಾಗಾದ್ರೆ ನಮ್ಮ ತಾತ ಸಾಕಿದ್ದನ್ನೇ ತಿಂದಿದ್ದೀನಿ ನಾನು.”

“ಯಾಕೆ ಓಡೋದ?”

“ಹೆದರ್ಕೊಂಡಿರ್ತಾನೆ. ಇನ್ನೇನು.”

“ನೀರಿಗಾ?”

“ನೀನು ಹೆದರ್ಲಿಲ್ವಾ ಆಲ್ಬರ್ಟನ ದೋಣೀಲಿ?”

“ನಂಗೆ ಹೊಟ್ಟೆ ತೊಳಸಿದ್ದು ಅಷ್ಟೇ.”

“ಹೌದು ಬಿಡು.” ತಾತ ನಗಲಿಲ್ಲ, ಆದರೆ ಮೀಸೆ ಅಲ್ಲಾಡಿತು. “ಕೇಳು. ಮುಳುಗಿದವನ ಮಗ ಅಂದ್ರೆ ಯಾವ ಸ್ಕಿಪ್ಪರೂ ಕರೆದು ಕೆಲ್ಸ ಕೊಡೋನು. ನೀರಿಗೆ ಹೆದರಿ ಓಡೋದವನ ಮಗ ಅಂದ್ರೆ ಅಪಶಕುನ, ದೋಣಿ ಮುಟ್ಟೋಕೂ ಬಿಡ್ತಿರ್ಲಿಲ್ಲ. ಎಲ್ಸ್‌ಪೆತ್ ಫ್ಲೆಟ್ ಹೊಟ್ಟೇಲಿ ಮಗು ಇಟ್ಕೊಂಡು ಊರಿಗೆಲ್ಲ ಗಂಡ ಮುಳುಗಿದ ಅಂದ್ಳು. ಕಪ್ಪು ಬಟ್ಟೆ ಉಟ್ಟೋಳು ಸಾಯೋ ತನಕ ಬಿಚ್ಚಲಿಲ್ಲ. ಅದ್ರಿಂದ ಅಪ್ಪಂಗೆ ದೋಣಿ ಸಿಕ್ತು, ನಂಗೆ ಸಿಕ್ತು.”

“ಸರಿ, ಈಗ ಕಲ್ಲಿನ ವಿಷಯ ಸಮಿತಿಗೆ ಏನ್ ಹೇಳೋದು?”

“ಹೆಸರು ಬೇಡ. ಅಲ್ಲಿರೋರೆಲ್ಲ ನಿಜವಾಗ್ಲೂ ನೀರು ಕುಡಿದವರು. ಅವರ ಸಾಲಲ್ಲಿ ಕೋಳಿ ಸಾಕಿದವನನ್ನ ನಿಲ್ಲಿಸಬಾರ್ದು.”

“ಅಷ್ಟು ವರ್ಷ ಕಾದಿದ್ದೀಯಲ್ಲ ತಾತ.”

“ಕಾದೆ.” ಕಾಗದವನ್ನು ಅಂಗಿಯ ಒಳಜೇಬಿಗೆ ಹಾಕಿಕೊಂಡ. “ಆದ್ರೆ ಯಾಕೆ ಬೇಡ ಅಂತ ಯಾರಿಗೂ ಹೇಳ್ಬೇಡ. ಎಲ್ಸ್‌ಪೆತ್ ಮಾತು ಇಷ್ಟು ದಿನ ನಿಂತಿದೆ. ನಮ್ಮಪ್ಪ ಅದನ್ನ ಕಾಯ್ದ. ನಿನ್ನ ಬಾಯಿಂದ ಬೀಳೋದು ಬೇಡ. ಆಗುತ್ತಾ ನಿನ್ನ ಕೈಲಿ?”

ಆಗುತ್ತೆ ಎಂದೆ. ನನ್ನ ಬಾಯಿಯ ಚರಿತ್ರೆ ಬಲ್ಲವನಾಗಿ ತಾತ ನಂಬಲಿಲ್ಲ. ನಾನೂ ನಂಬಲಿಲ್ಲ.

ಶನಿವಾರ ಕಲ್ಲು ಕೆತ್ತುವವನು ಬಂದ. ಬಂದರಿನಲ್ಲಿ ಊರು ನೆರೆದಿತ್ತು. ಹೆಸರು ಬೇಡ ಎಂದು ರೋಡಾಳ ಕಿವಿಯಲ್ಲಿ ಹೇಳಿ ಜಾರಿಕೊಳ್ಳುವುದು ನನ್ನ ಯೋಜನೆ. ಅವಳ ಹತ್ತಿರ ತಲುಪುವ ಮೊದಲೇ ಆಲ್ಬರ್ಟ್ ಅಡ್ಡ ಬಂದ. ಜಗಳಕ್ಕೆ ಸಿದ್ಧನಾಗಿ ಮುಷ್ಟಿ ಬಿಗಿದೆ. ಅವನು ಟೋಪಿ ತೆಗೆದ.

“ಫ್ರೇಸರ್, ಅವತ್ತು ನಾನು ಹಾಗೆ ಅನ್ಬಾರ್ದಿತ್ತು,” ಎಂದ, ಎಲ್ಲರೆದುರಿಗೆ. “ಸಮಿತೀಲಿ ಮಾತಾಡಿದ್ದೀವಿ. ಎಬೆನ್ ಸುಳ್ಳು ಹೇಳೋನಲ್ಲ. ದಾಖಲೆ ಬೇಡ. ಅವರ ತಾತ ಮುಳುಗಿದ್ದು ನಿಜ ಅಂತ ಬಾಬಿನ್ ಮನೆಯವರು ಒಬ್ಬರು ಇಲ್ಲಿ ನಿಂತು ಹೇಳ್ಲಿ, ಸಾಕು. ಈಗ್ಲೇ ಕೆತ್ತಿಸ್ತೀವಿ.”

ಕಲ್ಲಿನವನು ಉಳಿ ಹಿಡಿದು ನನ್ನನ್ನೇ ನೋಡಿದ. ಬೈಗುಳಕ್ಕೆ ನನ್ನಲ್ಲಿ ಉತ್ತರ ಎಂದೂ ಕಡಿಮೆಯಿಲ್ಲ. ಯಾರಾದರೂ ಮರ್ಯಾದೆ ಕೊಟ್ಟರೆ ಏನು ಮಾಡಬೇಕೆಂದು ಯಾರೂ ಕಲಿಸಿಲ್ಲ. ಹೌದು ಎಂದರೆ ಹೆಸರು ಬೀಳುತ್ತದೆ, ಕಲ್ಲಿನ ಮೇಲಿರುವವರೆಲ್ಲರಿಗೂ ಮೋಸ. ಇಲ್ಲ ಎಂದರೆ ಎಲ್ಸ್‌ಪೆತ್‌ಳ ಮಾತು ಮಣ್ಣುಪಾಲು. ಗುಂಪಿನ ಹಿಂದೆ ತಾತ ನಿಂತಿದ್ದ. ಅವನು ನನ್ನ ಕಡೆ ನೋಡದೆ ನೀರಿನ ಕಡೆ ನೋಡುತ್ತಿದ್ದ.

“ಹೇಳು ಮಗಾ,” ಎಂದಳು ರೋಡಾ.

ನಾನು ಕಲ್ಲಿನ ಮೇಲಿನ ಹೆಸರುಗಳನ್ನು ಓದತೊಡಗಿದೆ, ಈ ಸಲ ತುಟಿ ಅಲ್ಲಾಡಿಸದೆ. ಆಲ್ಬರ್ಟನ ಮುಖ ನಿಧಾನಕ್ಕೆ ಕೆಂಪಾಯಿತು.

“ನಾವಾಗಿ ಬಗ್ಗಿ ಬಂದ್ರೂ ಇವನ ಪೊಗರು ನೋಡ್ರಿ. ಸತ್ತ ಹಿರಿಯನಿಗೆ ಒಂದು ಮಾತು ಕೊಡೋಕಾಗಲ್ಲ. ಏನು ಗಂಡಸೋ ನೀನು?”

ಯಾರೋ ನಕ್ಕರು. ಕಲ್ಲಿನವನು ಉಳಿಯನ್ನು ಚೀಲಕ್ಕೆ ಹಾಕಿಕೊಂಡ. ನಾಲಗೆಯ ತುದಿಗೆ ಬಂದದ್ದು ಬಹಳ ಒಳ್ಳೆಯ ಉತ್ತರ. ಈಗ ನೆನೆದರೂ ಹೊಟ್ಟೆ ಉರಿಯುತ್ತದೆ. ಅದನ್ನು ನುಂಗಿದೆ, ಕಿವಿ ಸುಡುತ್ತಿದ್ದರೂ. ಜನರ ನಡುವೆ ದಾರಿ ಮಾಡಿಕೊಂಡು, ಕೈಗಳನ್ನು ಜೇಬಿಗೆ ತುರುಕಿ, ಮೀನಿನ ಶೆಡ್ಡಿನ ಕಡೆಗೆ ನಡೆದುಬಿಟ್ಟೆ.