ಮಾವನ ಒಣಬಟ್ಟೆ

ಕಾರಿನ ಮೈಮೇಲಿನ ಸಣ್ಣ ಗೀರುಗಳನ್ನು ತೆಗೆಯುವುದು ನನ್ನ ಕಸುಬು. ನನ್ನ ಬಾಯಿ ಮಾಡಿದ ಗೀರುಗಳನ್ನು ತೆಗೆಯುವುದು ಹೆಂಡತಿಯ ಕಸುಬು. ಇಬ್ಬರಲ್ಲಿ ಅವಳಿಗೇ ಕೆಲಸ ಹೆಚ್ಚು.

ಮದುವೆಯಾದ ಹೊಸತರಲ್ಲಿ ಮಾವನ ಮನೆಗೆ ಹೋಗಿದ್ದೆವು. ಅವರ ಕಪ್ಪು ಕಾರು ಬಾಗಿಲ ಮುಂದೆ ನಿಂತಿತ್ತು. ಸುಮ್ಮನೆ ಒಳಗೆ ಹೋಗಿ ಕಾಫಿ ಕುಡಿಯಬಹುದಿತ್ತು. ಅಷ್ಟು ಬುದ್ಧಿ ಇದ್ದಿದ್ದರೆ ನಾನು ಯಾಕೆ ಹೀಗಿರುತ್ತಿದ್ದೆ? ಜೇಬಿನಿಂದ ಟಾರ್ಚ್ ತೆಗೆದು ಬಾನೆಟ್ ಮೇಲೆ ಬೆಳಕು ಬಿಟ್ಟೆ. ಜೇಡರ ಬಲೆಯ ಹಾಗೆ ಸುತ್ತುಸುತ್ತಾಗಿ ಗೆರೆಗಳು.

"ಯಾವ ಪುಣ್ಯಾತ್ಮ ಇದನ್ನ ಒರೆಸ್ತಿರೋದು? ಅವನ ಕೈಗೆ ಬಟ್ಟೆ ಕೊಡೋದೂ ಒಂದೇ, ಉಪ್ಪುಕಾಗದ ಕೊಡೋದೂ ಒಂದೇ" ಅಂದೆ.

ಪುಣ್ಯಾತ್ಮರು ಬಾಗಿಲಲ್ಲೇ ನಿಂತಿದ್ದರು, ಕೈಯಲ್ಲಿ ಒಣಬಟ್ಟೆ. ಜೀವಮಾನವೆಲ್ಲ ಬೇರೆಯವರ ಕಾರು ಓಡಿಸಿ, ಕಡೆಗೆ ಸ್ವಂತದ್ದೊಂದು ಕೊಂಡು, ದಿನಾ ಬೆಳಿಗ್ಗೆ ಕೂಸಿನ ಮೈ ಒರೆಸಿದಂತೆ ಒರೆಸುತ್ತಿದ್ದ ಮನುಷ್ಯ. ಧೂಳಿನ ಮೇಲೆ ಒಣಬಟ್ಟೆ ಆಡಿಸಿದರೆ ಆ ಧೂಳೇ ಬಣ್ಣವನ್ನು ಗೀರುತ್ತದೆ. ಪ್ರೀತಿ ಹೆಚ್ಚಾದಷ್ಟೂ ಗೆರೆ ಹೆಚ್ಚು. ಇದನ್ನೂ ಅಲ್ಲೇ ನಿಂತು ಅವರಿಗೆ ವಿವರಿಸಿದೆ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಅನ್ನುತ್ತಾರೆ. ನಾನು ಒಡೆದು, ಪುಡಿ ಮಾಡಿ, ಜರಡಿ ಹಿಡಿದೆ.

ಅಂದಿನಿಂದ ಮಾವ ನಮ್ಮ ಮನೆಯ ಹೊಸ್ತಿಲು ತುಳಿಯಲಿಲ್ಲ. ಮಗಳನ್ನು ನೋಡಬೇಕೆನಿಸಿದರೆ ಬೀದಿ ಕೊನೆಯಲ್ಲಿ ಕಾರು ನಿಲ್ಲಿಸಿ ಹಾರ್ನ್ ಹೊಡೆಯುತ್ತಿದ್ದರು. ಅವಳು ಹೋಗಿ ಕಾರಿನಲ್ಲೇ ಕೂತು ಮಾತಾಡಿ ಬರುತ್ತಿದ್ದಳು. ನನಗೆ ಒಂದು ಮಾತೂ ಅನ್ನುತ್ತಿರಲಿಲ್ಲ. ಆದರೆ ಬಂದವಳ ಕಣ್ಣು ಕೆಂಪಾಗಿರುತ್ತಿತ್ತು, ನನಗೆ ಭೂಮಿ ಬಾಯಿ ಬಿಡಬಾರದೇ ಅನಿಸುತ್ತಿತ್ತು.

ಹೇಗೆ ಒಪ್ಪಿಸಿದಳೋ, ಒಂದು ದಿನ ಹೇಳಿದಳು: "ನಾಳೆ ಅಪ್ಪ ಕಾರು ತಗೊಂಡು ನಿಮ್ಮ ಅಂಗಡಿಗೆ ಬರ್ತಾರೆ. ಕೆಲಸ ಮನಸ್ಸಿಗೆ ಬಂದ್ರೆ ಸಾಯಂಕಾಲ ಊಟಕ್ಕೆ ಬರ್ತೀನಿ ಅಂದಿದ್ದಾರೆ. ನಾಳೆ ಬರದೇ ಇದ್ರೆ ಇನ್ನು ಯಾವತ್ತೂ ಬರಲ್ಲ."

"ನಾನೇನು ಮಾಡ್ಲಿ?"

"ಕಾರು ಪಾಲಿಶ್ ಮಾಡಿ. ಬಾಯಿ ಮುಚ್ಕೊಂಡಿರಿ."

ನನ್ನ ಅಂಗಡಿಯ ಗೋಡೆಯ ಮೇಲೆ ಕೆಂಪು ಅಕ್ಷರದ ಬೋರ್ಡ್ ಒಂದಿದೆ: ಒಣಬಟ್ಟೆ ಮುಟ್ಟಿಸಬೇಡಿ. ಅದನ್ನು ಮೀರಿದ ಗಿರಾಕಿಗಳ ಜೊತೆ ಬೀದಿಯವರೆಗೂ ಜಗಳ ಆಡಿದ್ದೇನೆ. ಮರುದಿನ ಬೆಳಿಗ್ಗೆ ಹೋದವನೇ ಅದನ್ನು ಕಳಚಿ ಮೇಜಿನ ಕೆಳಗೆ ತಳ್ಳಿದೆ.

ಮಾವ ಬಂದರು. ಬೀಗದಕೈ ಮೇಜಿನ ಮೇಲಿಟ್ಟು, ಮೂಲೆಯ ಸ್ಟೂಲಿನ ಮೇಲೆ ಕೂತರು. ನಾನು ಕಾರು ತೊಳೆದು, ರಬ್ಬರ್ ಅಂಚಿಗೆಲ್ಲ ಟೇಪ್ ಅಂಟಿಸಿ, ಬಾನೆಟ್ಟಿನ ಗೇಣಗಲ ಜಾಗದಲ್ಲಿ ಮೊದಲು ಪರೀಕ್ಷೆ ಮಾಡಿದೆ. ಪಾಲಿಶ್ ಮಷಿನ್ನಿನ ಫೋಮಿಗೆ ಚೂರು ಪೇಸ್ಟ್ ಹಚ್ಚಿ, ಒತ್ತದೆ, ನಿಧಾನವಾಗಿ, ಒಮ್ಮೆ ಉದ್ದಕ್ಕೆ, ಒಮ್ಮೆ ಅಡ್ಡಕ್ಕೆ. ಅವಸರ ಮಾಡಿದರೆ ಬಣ್ಣವೇ ಸುಟ್ಟುಹೋಗುತ್ತದೆ. ಕೈಗೆ ಇಷ್ಟೊಂದು ತಾಳ್ಮೆ ಕೊಟ್ಟ ದೇವರು ನಾಲಗೆಗೆ ಒಂದು ಚಿಟಿಕೆಯನ್ನೂ ಉಳಿಸಲಿಲ್ಲ.

ಮಧ್ಯಾಹ್ನದ ಹೊತ್ತಿಗೆ ಮಾವ ಎದ್ದು ಬಂದರು. ಪಾಲಿಶ್ ಆದ ಬಾಗಿಲು, ಆಗದ ಬಾಗಿಲು ಎರಡನ್ನೂ ನೋಡಿದರು.

"ಈ ಗೆರೆ ಎಲ್ಲಾ ಯಾತರಿಂದ ಬರುತ್ತೆ?"

ಉತ್ತರ ಗಂಟಲಿಗೆ ಬಂದು ನಿಂತಿತು. ಬಿಸಿ ತುಪ್ಪ, ನುಂಗುವಂತಿಲ್ಲ, ಉಗುಳುವಂತಿಲ್ಲ. ನುಂಗಿದೆ.

"ಬಿಸಿಲಿಂದ, ಮಾವ."

"ಬಿಸಿಲಿಗೆ ಗುಂಡಗೆ ಗೆರೆ ಬೀಳುತ್ತಾ?"

"ಈ ವರ್ಷದ ಬಿಸಿಲು ಹಂಗಿದೆ, ಮಾವ."

ಅವರು ನನ್ನ ಮುಖವನ್ನೇ ನೋಡಿದರು. ಆಮೇಲೆ "ಹೌದೌದು, ಕೆಟ್ಟ ಬಿಸಿಲು" ಅಂದು ಮತ್ತೆ ಹೋಗಿ ಕೂತರು.

ಸಂಜೆಗೆ ಕಾರು ತುಂಬಿದ ಬಾವಿಯ ಹಾಗೆ ಕಪ್ಪಗೆ ಹೊಳೆಯಿತು. ಅದರಲ್ಲಿ ನನ್ನ ಮುಖ ಎಂದೂ ಇಲ್ಲದಷ್ಟು ಸ್ಪಷ್ಟವಾಗಿ ಕಂಡಿತು. ನೋಡಿ ಅಷ್ಟೇನೂ ಖುಷಿಯಾಗಲಿಲ್ಲ. ಮಾವ ಒಂದು ಸುತ್ತು ಬಂದರು. ಟಾರ್ಚ್ ಬಿಟ್ಟು ತೋರಿಸಿದೆ. ಒಂದು ಗೆರೆಯೂ ಇರಲಿಲ್ಲ.

"ತಂದ ದಿನ ಹಿಂಗೇ ಇತ್ತು" ಅಂದರು. ಅವರ ದನಿ ನಡುಗಿತು.

ಅಷ್ಟರಲ್ಲಿ ಬೀದಿಯಲ್ಲಿ ಲಾರಿಯೊಂದು ಹೋಯಿತು. ತೆಳ್ಳಗೆ ಧೂಳು ಬಂದು ಬಾನೆಟ್ ಮೇಲೆ ಕೂತಿತು. ಮಾವನ ಕೈ ತಾನಾಗಿ ಜೇಬಿಗೆ ಹೋಯಿತು. ಒಣಬಟ್ಟೆ ಹೊರಗೆ ಬಂತು.

ನನ್ನ ಕೈ ತಡೆಯಲು ಅರ್ಧ ಎದ್ದಿತು. ಬಾಯಿಯೂ ತೆರೆಯಿತು. ಬೀದಿ ಕೊನೆಯ ಹಾರ್ನ್ ನೆನಪಾಯಿತು, ಬಾಯಿ ಮುಚ್ಚಿದೆ. ಮಾವ ಬಾನೆಟ್ ಮೇಲೆ ಬಟ್ಟೆ ಇಟ್ಟು ಗುಂಡಗೆ, ಆಸೆಯಿಂದ ಒರೆಸತೊಡಗಿದರು. ನನ್ನ ಇಡೀ ದಿನದ ಕೆಲಸ ನನ್ನ ಕಣ್ಣೆದುರೇ ಹಳೆಯದಾಗುತ್ತಿತ್ತು. ಅರ್ಧ ಒರೆಸಿ ನಿಂತರು, ಸೊಂಟ ಹಿಡಿದುಕೊಂಡರು, ಬಟ್ಟೆಯನ್ನು ಪರ್ರನೆ ಎರಡು ಮಾಡಿ ಒಂದನ್ನು ನನ್ನತ್ತ ಚಾಚಿದರು.

"ಅಳಿಯಂದ್ರೇ, ಆ ಕಡೆ ನೀವು ಒರೆಸಿ. ಬೇಗ ಹೊರಡೋಣ, ಮಗಳು ಊಟಕ್ಕೆ ಕಾಯ್ತಿರ್ತಾಳೆ."

ಅಳಿಯ ಅಂತ ಅವರು ನನ್ನನ್ನು ಕರೆದದ್ದು ಅದೇ ಮೊದಲು. ಬಟ್ಟೆ ತೆಗೆದುಕೊಂಡೆ. ಅವರು ಒರೆಸಿದ ಹಾಗೆಯೇ, ಗುಂಡಗೆ ಒರೆಸಿದೆ.

"ಸ್ವಲ್ಪ ಒತ್ತಿ ಒರೆಸಿ" ಅಂದರು ಮಾವ.

"ಆಗಲಿ ಮಾವ" ಅಂದು ಒತ್ತಿ ಒರೆಸಿದೆ.