ಮಾವನ ಮನೆಯ ತಾಮ್ರ

ಕಂಡವರ ಮನೆಗೆಲ್ಲ ಅಲ್ಯೂಮಿನಿಯಂ ವೈರು ತುರುಕಿದ ನನ್ನ ಸೋದರಮಾವ, ತನ್ನ ಹೊಸ ಮನೆಗೆ ಮಾತ್ರ ಅಪ್ಪಟ ತಾಮ್ರ ತಂದಿದ್ದ. ಕಂಟ್ರಾಕ್ಟರಲ್ಲವೇ, ಯಾವುದು ಎಲ್ಲಿಗೆ ಎಂದು ಅವನಿಗೆ ಚೆನ್ನಾಗಿ ಗೊತ್ತು. ಸುರುಳಿಗಳನ್ನು ನನ್ನ ಮುಂದೆ ಇಳಿಸಿ, "ವೈರಿಂಗ್ ನೀನೇ ಮಾಡ್ಬೇಕು ಕಣೇ. ನಿನ್ನ ಕೈ ಮೇಲೆ ನಂಗೆ ಪೂರ್ತಿ ನಂಬಿಕೆ" ಎಂದು ಹಲ್ಲು ಕಿರಿದ. ನನಗೆ ಮೈಯೆಲ್ಲ ಉರಿಯಿತು. ಆದರೂ ಹೂಂ ಅಂದೆ. ಬೇಕೆಂದೇ ಅಂದೆ.

ನನಗೆ ಈ ಕೆಲಸ ಕಲಿಸಿದ್ದು ಅಪ್ಪ. ಹಿಂದೆ ನಮ್ಮೂರ ಟೈಲರನ ಅಂಗಡಿಯಲ್ಲಿ, ಗೋಡೆಯೊಳಗಿನ ಹಳೇ ತಾಮ್ರಕ್ಕೆ ಮಾವ ತಂದ ಅಲ್ಯೂಮಿನಿಯಂ ಜೋಡಿಸಬೇಕಾಗಿತ್ತು. "ಎರಡನ್ನೂ ಹಾಗೇ ಹೆಣೆದ್ರೆ ಜಾಯಿಂಟು ಕಾಯುತ್ತೆ, ಸಡಿಲ ಆಗುತ್ತೆ, ಕೊನೆಗೆ ಸುಡುತ್ತೆ. ನಾನು ಮಾಡಲ್ಲ" ಎಂದು ಅಪ್ಪ ಇಕ್ಕಳ ಕೆಳಗಿಟ್ಟು ಎದ್ದು ಬಂದ. ಮಾವ ತಾನೇ ಹೆಣೆದು, ಮೇಲೊಂದು ಟೇಪು ಸುತ್ತಿ ಕೈ ತೊಳೆದುಕೊಂಡ. ಅಂಗಡಿ ಬಟ್ಟೆ ಸಮೇತ ಸುಟ್ಟುಹೋಯಿತು. ಆಗ ಈ ಮಹಾಶಯ ಟೈಲರನ ಹೆಗಲ ಮೇಲೆ ಕೈಹಾಕಿ ಹೇಳಿದ್ದೇನು ಗೊತ್ತೇ? "ವೈರಲ್ಲಿ ಏನೂ ತಪ್ಪಿಲ್ಲ. ನಮ್ಮ ಭಾವನ ಕೈಯೇ ಸರಿಯಿಲ್ಲ."

ಅಮ್ಮ ತನ್ನ ತಮ್ಮನ ಮರ್ಯಾದೆ ಉಳಿಸಿ ಎಂದು ಅಪ್ಪನ ಕಾಲು ಹಿಡಿದಳು. ಅಪ್ಪ ಬಾಯಿ ಮುಚ್ಚಿಕೊಂಡ. ಅಂದಿನಿಂದ ಯಾರೂ ಅವನನ್ನು ಕೆಲಸಕ್ಕೆ ಕರೆಯಲಿಲ್ಲ. ಟೈಲರಂತೂ ಅಪ್ಪ ಎದುರಿಗೆ ಬಂದರೆ ಉಗಿದು ಆಚೆ ಬದಿಗೆ ಹೋಗುತ್ತಿದ್ದ. ನನಗೆ ಬೇಕಾಗಿದ್ದದ್ದು ಇಷ್ಟೇ: ಮಾವನ ಬಾಯಿಂದಲೇ ನಿಜ ಹೊರಬೀಳಬೇಕು, ಟೈಲರನ ಕಿವಿಗೇ ಬೀಳಬೇಕು.

ಕೆಲಸ ಮುಗಿಯುತ್ತ ಬಂದಾಗ ಅತ್ತೆ ಪರದೆಗಳ ಮಾತೆತ್ತಿದರು. ಅದೇ ಟೈಲರನ್ನು ಕರೆಸಿ ಎಂದೆ. ಪಾಪ, ಅವರಿಗೇನು ಗೊತ್ತು, ಕರೆಸಿದರು. ಅವನು ಅತ್ತೆಯ ಮೊಮ್ಮಗಳ ಕೋಣೆಯ ಕಿಟಕಿ ಅಳೆಯುತ್ತಿದ್ದಾಗ ಮಾವ ಒಳಗೆ ಬಂದ. ಮೇನ್ ಆಫ್ ಮಾಡಿ, ಮಂಚದ ತಲೆಗಡೆಯ ಸ್ವಿಚ್ ಬೋರ್ಡ್ ಬಿಚ್ಚಿ, ನಾನು ತಾಮ್ರದ ತುದಿಗೆ ಅಲ್ಯೂಮಿನಿಯಂ ಹೆಣೆಯುತ್ತಿದ್ದೆ.

"ಏಯ್! ಏನೇ ಮಾಡ್ತಿದೀಯ?"

"ತಾಮ್ರ ಸ್ವಲ್ಪ ಸಾಲಲಿಲ್ಲ ಮಾವ. ನಿಮ್ಮ ಗೋಡೌನಿಂದ ಇದನ್ನ ತಂದೆ."

"ತಲೆ ಕೆಟ್ಟಿದ್ಯಾ? ತೆಗಿ!"

"ಯಾಕೆ? ವೈರಲ್ಲಿ ತಪ್ಪಿರಲ್ಲ, ಕೈಲಿ ಇರುತ್ತೆ ಅಂತ ನೀವೇ ಹೇಳಿದ್ರಲ್ಲ. ನನ್ನ ಕೈ ಚೆನ್ನಾಗಿದೆ ಅಂದೋರೂ ನೀವೇ." ಟೇಪು ಸುತ್ತತೊಡಗಿದೆ. "ಬೋರ್ಡ್ ಮುಚ್ಚಿಬಿಡ್ತೀನಿ. ಮಗು ಇಲ್ಲೇ ತಲೆಯಿಟ್ಟು ಮಲಗಲಿ."

ಅತ್ತೆ ಬಾಗಿಲಲ್ಲೇ ನಿಂತರು. ಟೈಲರನ ಟೇಪು ಕಿಟಕಿಯಿಂದ ಜಾರಿ ಕೆಳಗೆ ಬಿತ್ತು. ಮಾವನ ಮುಖ ಸುಣ್ಣದಂತಾಯಿತು.

"ಬೇಡ ಕಣೇ... ಅದು ಸುಡುತ್ತೆ."

"ಯಾರು ಹೆಣೆದ್ರೂನಾ?"

ನಾನು ಬೋರ್ಡ್ ಮುಚ್ಚಿ ಮೊದಲನೇ ಸ್ಕ್ರೂ ತಿರುಗಿಸಿದೆ.

"ಹೂಂ, ಯಾರು ಹೆಣೆದ್ರೂ!" ಎಂದು ಕಿರುಚಿದ. "ಭಾವ ಆವತ್ತೇ ಹೇಳಿದ್ರು. ಅವರು ಮುಟ್ಟಲೇ ಇಲ್ಲ. ನಾನೇ ಹೆಣೆದಿದ್ದು. ಸಾಕಾ? ಈಗ ತೆಗಿ, ನಿನ್ನ ದಮ್ಮಯ್ಯ."

ಟೈಲರ್ ಅವನನ್ನು ನೋಡಿದ. ಬೈಯಲಿಲ್ಲ, ಹೊಡೆಯಲೂ ಇಲ್ಲ. "ಇಷ್ಟು ವರ್ಷ ನಾನು ಯಾರ ಮುಖಕ್ಕೆ ಉಗಿದೆ!" ಎಂದಷ್ಟೇ ಹೇಳಿ, ಬಿದ್ದ ಟೇಪನ್ನೂ ಎತ್ತಿಕೊಳ್ಳದೆ ಹೊರಟುಹೋದ. ಹೋದದ್ದು ನಮ್ಮ ಮನೆಯ ಕಡೆಗೆ ಎಂಬುದನ್ನು ಕಿಟಕಿಯಿಂದ ನೋಡಿದೆ.

ಸ್ಕ್ರೂ ಬಿಚ್ಚಿ ಅಲ್ಯೂಮಿನಿಯಂ ತುಂಡನ್ನು ಕಿತ್ತು ಮಾವನ ಕೈಗೆ ಕೊಟ್ಟೆ. ಮಗು ಮಲಗುವ ಜಾಗದಲ್ಲಿ ಅದನ್ನು ಬಿಡಲು ನಾನೇನು ಅವನೇ? ಅವನು ಮಂಚದ ಮೇಲೆ ಕುಸಿದು ಕೂತ. ಸುಳ್ಳೇಕೆ ಹೇಳಲಿ, ಅದನ್ನು ನೋಡಿ ನನಗೆ ಹಾಲು ಕುಡಿದಷ್ಟು ಸಂತೋಷವಾಯಿತು.

"ಈಗ ಹೊಟ್ಟೆ ತಣ್ಣಗಾಯ್ತೇನೇ ನಿಂಗೆ?" ಎಂದ.

"ಇನ್ನೂ ಇಲ್ಲ. ಚಪ್ಪಲಿ ಹಾಕ್ಕೊಳ್ಳಿ ಮಾವ. ಅಪ್ಪನ ಮುಂದೆ ಇನ್ನೊಂದ್ಸಲ ಹೇಳ್ಬೇಕು."