ಹಬಾಜಿನ್ ಸಾಹೇಬರು ಜಾಗ್ರೆಬ್‌ಗೆ ಹೋಗದ ಕತೆ

ಯುದ್ಧದ ಕಾಲದಲ್ಲಿ ನಮ್ಮೂರಿಗಿದ್ದ ಒಬ್ಬನೇ ಒಬ್ಬ ರಾಜಕಾರಣಿ ಲ್ಯುದೆವಿತ್ ಹಬಾಜಿನ್. ರೈತರ ಪಕ್ಷದಿಂದ ಸಂಸತ್ತಿಗೆ ಗೆದ್ದವರು. ೧೯೪೨ರಲ್ಲಿ, ಜರ್ಮನರ ಬಲದಿಂದ ಕುರ್ಚಿ ಹಿಡಿದವರು ರಾಜಧಾನಿ ಜಾಗ್ರೆಬ್‌ನಲ್ಲಿ ಸಂಸತ್ ಸಭೆ ಕರೆದಾಗ ಅವರಿಗೂ ಕಾಗದ ಬಂದಿತ್ತು. ಅವರು ಹೋಗಲಿಲ್ಲ.

ಅರವತ್ತು ವರ್ಷದ ಮೇಲೆ, ಚರ್ಚಿನ ಹಿಂದಿನ ಬೀದಿಗೆ ಅವರ ಹೆಸರಿಡುವ ಮಾತು ಪುರಸಭೆಗೆ ಬಂತು. ನಾನಾಗ ಅಲ್ಲಿ ಗುಮಾಸ್ತ.

“ಮನೆ ಬಾಗ್ಲಿಗೆ ಬಂದ ಅಧಿಕಾರಾನ ಒದ್ದೋರು ಕಣಯ್ಯ ಅವ್ರು!” ಎಂದರು ಮೇಯರ್ ಜ್ವೊಂಕೊ.

“ಒದ್ದಿದ್ದನ್ನ ನೀನು ನೋಡಿದ್ಯಾ? ಯಾರು ಗೆಲ್ತಾರೋ ನೋಡೋಣ ಅಂತ ಮುಸುಕೆಳ್ಕೊಂಡು ಮಲಗಿದ್ದ ಆಸಾಮಿ!” ಎಂದರು ಪುರಸಭೆಯ ಸದಸ್ಯರಾಗಿದ್ದ ಇತಿಹಾಸದ ಮೇಷ್ಟ್ರು ಒಬಾದ್.

ಎರಡು ಸಭೆ ಹೀಗೇ ಮುಗಿದವು. ಮೂರನೆಯದರಲ್ಲಿ ಮೇಷ್ಟ್ರ ತಟ್ಟೆಯಲ್ಲಿದ್ದ ಬಿಸಿ ಗಿಣ್ಣಿನ ಕಡುಬು ಮೇಯರ್ ಟೈ ಮೇಲೆ ಕೂತಿತು. ಇನ್ನು ಸಾಕೆಂದು ನಾನೇ ಹೋಗಿ ಹಬಾಜಿನ್‌ರ ಮಗಳು ಷ್ಟೆಫಿತ್ಸಾ ಅಜ್ಜಿಯನ್ನು ಕರೆತಂದೆ.

“ಅಜ್ಜಿ, ನಿಮ್ಮಪ್ಪ ಯಾಕೆ ಹೋಗ್ಲಿಲ್ಲ?” ಮೇಷ್ಟ್ರು ಕೇಳಿದರು.

“ಪ್ಯಾಂಟ್ ಇರ್ಲಿಲ್ಲ.”

ಮೇಯರ್ ಕೆಮ್ಮಿದರು. “ಅಂದ್ರೆ... ಅಷ್ಟು ಬಡತನ ಅಂತಾನಾ?”

“ಬಡತನ ಅಲ್ವೋ, ನಮ್ಮಮ್ಮನ ಕೆಲಸ! ಇದ್ದಿದ್ದು ಒಂದೇ ಒಳ್ಳೇ ಪ್ಯಾಂಟು. ಅಪ್ಪ ಎರಡು ದಿನದಿಂದ ಮೀಸೆ ತೀಡ್ಕೊಂಡು ಕುಣೀತಿದ್ರು. ರೈಲಿನ ಹೊತ್ತಿಗೆ ನೋಡಿದ್ರೆ ಪ್ಯಾಂಟ್ ಮಾಯ. ಅಮ್ಮ ಅದನ್ನ ಕಾವಿಗೆ ಕೂತಿದ್ದ ಹೆಬ್ಬಾತಿನ ಕೆಳಗೆ ಹಾಸಿದ್ಲು. ಅಪ್ಪ ಬಗ್ಗಿ ಎಳೆಯೋಕೆ ಹೋದ್ರು. ಅದು ಬಿಡತ್ತಾ? ಎಲ್ಲಿ ಕಚ್ಚಬಾರದೋ ಅಲ್ಲೇ ಕಚ್ತು.”

ಸಭೆಯೆಲ್ಲ ಬಿದ್ದು ಬಿದ್ದು ನಕ್ಕಿತು. ಅಜ್ಜಿ ನಗು ಇಳಿಯುವವರೆಗೆ ಕಾದರು.

“‘ರೊಜಾಲಿಯಾ, ದೇಶ ನನಗೋಸ್ಕರ ಕಾಯ್ತಿದೆ ಕಣೇ!’ ಅಂತ ಅಪ್ಪ ಚಡ್ಡೀಲಿ ನಿಂತು ಕೂಗಿದ್ರು. ಅಮ್ಮ ಹೇಳಿದ್ಲು, ‘ಯಹೂದಿ ಅಂತ ಅಂಗಡಿ ಶ್ವಾರ್ಟ್ಸ್‌ನ್ನ ಮಕ್ಕಳ ಸಮೇತ ಲಾರೀಲಿ ತುಂಬ್ಕೊಂಡು ಹೋದ್ರಲ್ಲ, ಅವ್ರಿಗೆ ಚಪ್ಪಾಳೆ ತಟ್ಟೋಕೆ ತಾನೆ ಹೋಗ್ತಿರೋದು? ಹೋಗಿ, ಹೀಗೇ ಹೋಗಿ.’ ಅಪ್ಪ ಮೆಟ್ಟಿಲ ಮೇಲೆ ಕೂರೋಕೆ ಹೋಗಿ, ನೋವಾಗಿ ಎದ್ದು, ನಿಂತ್ಕೊಂಡೇ ಅತ್ರು. ಆಮೇಲೆ ಕೇಳ್ದೋರಿಗೆಲ್ಲ ‘ನಾನು ಒಪ್ಲಿಲ್ಲ’ ಅಂದ್ರು. ಹೇಳಿ ಹೇಳಿ ಕೊನೆಗೆ ಅವ್ರೇ ನಂಬಿಬಿಟ್ರು.”

ಮೇಷ್ಟ್ರು ಕನ್ನಡಕ ತೆಗೆದು ಒರೆಸಿಕೊಂಡರು.

“ಹಾಗಾದ್ರೆ ಬೀದಿಗೆ ನಿಮ್ಮಮ್ಮನ ಹೆಸರೇ ಇಡ್ಬೇಕು,” ಎಂದರು.

“ಹಲಗೆ ಆಗ್ಲೇ ಬರ್ಸಾಗಿದೆಯಲ್ರೀ!” ಮೇಯರ್ ಗೋಳಿಟ್ಟರು.

“ಒರೆಸಿ ಬರೀರಿ. ಹಬಾಜಿನ್ ಅನ್ನೋದು ಹೇಗೂ ಇದೆ,” ಎಂದೆ ನಾನು.

ಕೈಗಳೆದ್ದವು. ಮೇಯರ್ ಕೈ ಎಲ್ಲರಿಗಿಂತ ಕೊನೆಗೆ, ಮೊಣಕೈವರೆಗೆ ಮಾತ್ರ ಎದ್ದಿತು. ಅದನ್ನೂ ಎಣಿಸಿಕೊಂಡೆ. ಬೀದಿಗೆ ರೊಜಾಲಿಯಾ ಹಬಾಜಿನ್ ಎಂದು ಹೆಸರಾಯಿತು. ಹೆಬ್ಬಾತಿನ ಚಿತ್ರವನ್ನೂ ಬರೆಸಬೇಕೆಂದು ಮೇಷ್ಟ್ರು ಹಟ ಹಿಡಿದಿದ್ದರು. ಅದಕ್ಕೆ ಮಾತ್ರ ಮೇಯರ್ ಜಪ್ಪಯ್ಯ ಎಂದರೂ ಒಪ್ಪಲಿಲ್ಲ.